ಹಾಗಲವಾಡಿಗೆ ಕಣ್ಣು ನೋಡಲು ಹೋದದ್ದು

ಒಂದೂರಿನಲ್ಲಿ ಒಬ್ಬ ರಾಜಕುಮಾರನಿದ್ದ. ಊರು ತುಮಕೂರು. ಅರಮನೆ ಎಂದರೆ ಶಿರಾ ಗೇಟಿನಿಂದ ಮೂರು ರಸ್ತೆ ಹಂಪು ದಾಟಿದ ಮೇಲೆ ಎಡಗಡೆ ಸಿಗುವ ನಾಲ್ಕಂತಸ್ತಿನ ಆಸ್ಪತ್ರೆ. ಕಿರೀಟದ ಜಾಗದಲ್ಲಿ ಹಣೆಯ ಮೇಲೆ ಏರಿಸಿಟ್ಟ ಕನ್ನಡಕ; ಅದನ್ನೇ ಅವನು ದಿನಕ್ಕೆ ನಾಲ್ಕು ಸಲ ಮೇಜಿನ ಕೆಳಗೆಲ್ಲ ಹುಡುಕುತ್ತಿದ್ದ. ಕಥೆಯ ರಾಜಕುಮಾರರು ಕುದುರೆ ಹತ್ತಿ ಏಳು ಸಮುದ್ರ ದಾಟಿಬಿಡುತ್ತಾರೆ. ನಮ್ಮವನಿಗೆ ಎರಡನೇ ಮಹಡಿಯ ಕಣ್ಣಿನ ವಿಭಾಗದಿಂದ ಮೂರನೇ ಮಹಡಿಯ ಮಕ್ಕಳ ವಿಭಾಗಕ್ಕೆ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಒಂದು ಮಾತು ಹೇಳಲು ಎಂಟು ತಿಂಗಳು ಸಾಕಾಗಿರಲಿಲ್ಲ.

ರಾಜಕುಮಾರನ ಹೆಸರು ಡಾಕ್ಟರ್ ಚನ್ನೇಶ್. ಮೂರನೇ ಮಹಡಿಯಲ್ಲಿದ್ದವಳು ಮಕ್ಕಳ ಡಾಕ್ಟರ್ ಇಂಪನಾ.

ಅವನು ಪ್ರಯತ್ನವನ್ನೇ ಮಾಡಲಿಲ್ಲ ಎಂದರೆ ಪಾಪ ಬರುತ್ತದೆ. ಒಮ್ಮೆ ಲಿಫ್ಟಿನಲ್ಲಿ ಇಬ್ಬರೇ ಸಿಕ್ಕಿದ್ದರು. “ಇಂಪನಾ, ನಿಮಗೊಂದು ವಿಷಯ ಹೇಳ್ಬೇಕಿತ್ತು” ಎಂದು ಶುರುಮಾಡಿದ. ಅವಳು ತಿರುಗಿ ನೋಡಿದ್ದೇ ತಡ, “ಈ ಲಿಫ್ಟಲ್ಲಿ ಹನ್ನೊಂದು ಜನ ಹಿಡೀತಾರಂತೆ” ಎಂದು ಮುಗಿಸಿದ.

ಇನ್ನೊಮ್ಮೆ ಬಾಯಿಯನ್ನು ನಂಬದೆ ಕೈಯನ್ನು ನಂಬಿ, ಕೈಗೆ ಸಿಕ್ಕಿದ ಔಷಧಿ ಚೀಟಿಯ ಮೇಲೆ ಮನಸ್ಸಿನಲ್ಲಿದ್ದದ್ದನ್ನು ಬರೆದು ಅವಳಿಗೆ ಕೊಟ್ಟು ಓಡಿಬಂದ. ಆದರೆ ಹತ್ತು ವರ್ಷ ವೈದ್ಯಕೀಯ ಓದಿದ ಕೈ ಅದು. ಅದರ ಬರಹ ಇಂಪನಾಳಿಗೆ ಅರ್ಥವಾಗಲಿಲ್ಲ. ಅವಳ ಕಣ್ಣು ಆವತ್ತು ಸ್ವಲ್ಪ ಕೆಂಪಾಗಿತ್ತು. ಕಣ್ಣಿನ ಡಾಕ್ಟರು ತಾವಾಗಿ ಗಮನಿಸಿ ಔಷಧಿ ಬರೆದಿದ್ದಾರೆಂದುಕೊಂಡು ಕೆಳಗಿನ ಮೆಡಿಕಲ್ ಸ್ಟೋರಿಗೆ ಹೋದಳು. ಅಲ್ಲಿನ ಯಲ್ಲಯ್ಯ ಮೂವತ್ತು ವರ್ಷದಿಂದ ಡಾಕ್ಟರುಗಳ ಬರಹ ಓದಿದವನು. ಚೀಟಿಯನ್ನು ಉದ್ದ, ಅಡ್ಡ, ತಲೆಕೆಳಗು ಹಿಡಿದು ನೋಡಿ, “ದಿನಕ್ಕೆ ಮೂರು ಸಲ, ಎರಡೆರಡು ತೊಟ್ಟು” ಎಂದು ಒಂದು ಬಾಟಲಿ ಕೊಟ್ಟು ಚೀಟಿ ವಾಪಸ್ಸು ಮಾಡಿದ. ಚನ್ನೇಶನ ಪ್ರೇಮವನ್ನು ಇಂಪನಾ ನಾಲ್ಕು ದಿನ ಕಣ್ಣಿಗೆ ಬಿಟ್ಟುಕೊಂಡು, “ಥ್ಯಾಂಕ್ಸ್ ಚನ್ನೇಶ್, ಉರಿ ಕಮ್ಮಿಯಾಯ್ತು” ಎಂದಳು.

ಹೀಗಿರುವಾಗ ಒಂದು ಶುಕ್ರವಾರ ಕ್ಯಾಂಟೀನಿನಲ್ಲಿ ಗೆಳೆಯ ಮೋಹನ್‌ಕುಮಾರ್ ಸುದ್ದಿ ತಂದ. ಮೋಹನ್‌ಕುಮಾರ್ ಅರಿವಳಿಕೆ ಡಾಕ್ಟರ್. ರೋಗಿಗಳ ಪ್ರಜ್ಞೆ ತಪ್ಪಿಸುವುದು ಕೆಲಸ, ಚನ್ನೇಶನಿಗೆ ಪ್ರಜ್ಞೆ ಬರಿಸುವುದು ಹವ್ಯಾಸ.

“ಲೋ, ಇಂಪನಾಗೆ ಕುಣಿಗಲ್ ಆಸ್ಪತ್ರೇಲಿ ಕೆಲಸ ಸಿಕ್ತಂತೆ. ಮಂಗಳವಾರ ಇಲ್ಲಿ ಲಾಸ್ಟ್ ಡೇ. ಗೊತ್ತಾ?”

ಚನ್ನೇಶನ ಕೈಯಲ್ಲಿದ್ದ ವಡೆ ಸಾಂಬಾರಿಗೆ ಬಿತ್ತು. ಕುಣಿಗಲ್ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆದರೆ ಇಪ್ಪತ್ತೆರಡು ಮೆಟ್ಟಿಲು ಹತ್ತಲಾರದವನಿಗೆ ಅದೂ ಏಳು ಸಮುದ್ರದ ಆಚೆಯೇ.

“ಅಷ್ಟರೊಳಗೆ ಹೇಳ್ತೀಯೋ, ಇಲ್ಲಾ ಇನ್ನೊಂದು ಬಾಟ್ಲು ಡ್ರಾಪ್ಸ್ ಕೊಡಿಸ್ತೀಯೋ?”

“ಹೇಳ್ತೀನಿ ಕಣೋ. ನಿನ್ನಾಣೆ.”

“ನನ್ನಾಣೆ ಬೇಡ, ನಾನಿನ್ನೂ ಬದುಕ್ಬೇಕು.”

ಕಥೆಗಳಲ್ಲಿ ಇಂಥ ಹೊತ್ತಿಗೆ ಸರಿಯಾಗಿ ಒಬ್ಬ ಮುದುಕಿ ಬಂದು ಷರತ್ತು ಹಾಕುತ್ತಾಳೆ. ನಮ್ಮ ಮುದುಕಿ ಓಪಿಡಿಯಲ್ಲಿ ಕಾದು ಕೂತಿದ್ದಳು. ಗುಬ್ಬಿ ತಾಲ್ಲೂಕು ಹಾಗಲವಾಡಿಯ ಹನುಮಕ್ಕ. ಎರಡು ಕಣ್ಣಿಗೂ ಪೊರೆ. ಎದುರು ನಿಂತವರು ಗಂಡಸೋ ಹೆಂಗಸೋ ಎಂಬುದಷ್ಟೇ ತಿಳಿಯುತ್ತಿತ್ತು, ಅದೂ ಬಟ್ಟೆ ನೋಡಿ. ಮೂರು ಸಲ ಅಡ್ಮಿಟ್ ಆಗಿ ಮೂರು ಸಲವೂ ಓಡಿಹೋಗಿದ್ದಳು. ಕೊನೆಯ ಸಲವಂತೂ ಆಪರೇಷನ್ನಿಗೆ ಉಡಿಸಿದ್ದ ಹಸಿರು ಗೌನಿನಲ್ಲೇ ಗುಬ್ಬಿ ಬಸ್ಸು ಹತ್ತಿ, ಕಂಡಕ್ಟರಿಗೆ “ನಮ್ ಸೊಸೆ ಹೊಲಿಸ್ಕೊಟ್ಳು ಕಣಪ್ಪ, ಹೊಸಾ ನಮೂನೆ” ಎಂದಿದ್ದಳು. ಓಡುವ ಮುಂಚೆ ಪ್ರತಿಸಲವೂ ಚನ್ನೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಊರು, ಮನೆತನ, ತಂದೆ ತಾಯಿ, ಸಂಬಳ ಎಲ್ಲ ವಿಚಾರಿಸಿದ್ದಳು. ಅಜ್ಜಿ ಧೈರ್ಯ ತಂದುಕೊಳ್ಳುತ್ತಿದ್ದಾಳೆ ಎಂದು ಅವನು ಎಲ್ಲವನ್ನೂ ವಿವರವಾಗಿ ಹೇಳಿದ್ದ.

“ಅಜ್ಜಿ, ಈ ಸಲನಾದ್ರೂ ಓಡದಂಗೆ ಇರ್ತೀರಾ?”

“ಇರ್ತೀನಿ ಕಣ್ ಮಗ. ಆದ್ರೆ ನಂದೊಂದು ಮಾತು ನಡಿಸ್ಕೊಡ್ಬೇಕು. ನನ್ ಮೊಮ್ಮಗಳು ಒಬ್ಳವ್ಳೆ, ಮಾನಸಾ ಅಂತ. ನೀನು ಬಂದು ಅವಳನ್ನ ಒಂದ್ಸಲ ನೋಡ್ಬೇಕು.”

“ಅಯ್ಯೋ, ಏನಾಗಿದೆ ಮಗೂಗೆ?”

“ಏನಂತ ಯೋಳ್ಳಪ್ಪ! ಮೂರು ವರ್ಸದಿಂದ ಏಟೊಂದು ಜನ ಬಂದು ನೋಡಿದ್ರು. ಸಿರಾದೋರು ನೋಡಿದ್ರು, ತಿಪಟೂರೋರು ನೋಡಿದ್ರು, ಬೆಂಗ್ಳೂರಿಂದ್ಲೂ ಒಬ್ರು ಬಂದು ನೋಡಿದ್ರು. ಬತ್ತಾರೆ, ನೋಡ್ತಾರೆ, ಫೋನ್ ಮಾಡಿ ಯೋಳ್ತೀವಿ ಅಂತಾರೆ. ಒಬ್ರೂ ಏನೂ ಯೋಳಾಕಿಲ್ಲ.”

ಚನ್ನೇಶ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಬೆಂಗಳೂರಿನವರಿಗೂ ತಿಳಿಯದ ಕಾಯಿಲೆ!

“ಮಗೂಗೆ ಏನೂ ಕಾಣೋದೇ ಇಲ್ವಾ ಅಜ್ಜಿ?”

“ಎದ್ರುಗೇ ತಂದು ಕೂರ್ಸಿದ್ರೂ ಒಬ್ರೂ ಅವ್ಳ ಕಣ್ಣಿಗೆ ಬೀಳಾಕಿಲ್ಲ. ಮಗು ಬಾಳ ಸೂಕ್ಷ್ಮ ಕಣಪ್ಪ. ಇನ್ನೂ ತಡ ಮಾಡಿದ್ರೆ ವಯಸ್ಸು ಮೀರೋಯ್ತದೆ. ಆಮೇಲೆ ಏನ್ ಮಾಡಿದ್ರೂ ಅಷ್ಟೇಯ.”

ಮಕ್ಕಳ ಕಣ್ಣಿನ ಕೆಲವು ತೊಂದರೆಗಳನ್ನು ವಯಸ್ಸು ಮೀರುವ ಮೊದಲೇ ನೋಡಬೇಕು ಎಂದು ಅವನ ಪುಸ್ತಕದಲ್ಲೂ ಬರೆದಿತ್ತು. ಹಳ್ಳಿಯ ಅಜ್ಜಿಗೆ ಇಷ್ಟೊಂದು ತಿಳಿವಳಿಕೆಯೇ ಎಂದು ಅವನಿಗೆ ಗೌರವ ಉಕ್ಕಿತು.

“ಇಲ್ಲಿಗೇ ಕರ್ಕೊಂಡು ಬನ್ನಿ ಅಜ್ಜಿ, ಮಿಷನ್ ಎಲ್ಲಾ ಇದೆ.”

“ಅಯ್, ನಮ್ಮಲ್ಲಿ ಅಂಗೆಲ್ಲಾ ಕಳ್ಸಾಕಿಲ್ಲ. ನೋಡೋರು ಮನೆಗೇ ಬರ್ಬೇಕು. ನೀನು ಅವಳನ್ನ ನೋಡು, ನಾನು ಆಪ್ರೇಸನ್ಗೆ ಕಣ್ಣು ಕೊಡ್ತೀನಿ.”

“ಆಯ್ತಜ್ಜಿ. ಭಾನುವಾರ ಬಂದು ನೋಡ್ತೀನಿ. ಮಾತು ಕೊಟ್ಟಿದೀನಿ.” ಅಷ್ಟರಲ್ಲಿ ಅವನಿಗೆ ಜೀವಮಾನದ ಅದ್ಭುತ ಉಪಾಯವೊಂದು ಹೊಳೆಯಿತು. “ಜೊತೇಲಿ ಮಕ್ಕಳ ಡಾಕ್ಟ್ರನ್ನೂ ಕರ್ಕೊಂಡು ಬರ್ತೀನಿ!”

ಹನುಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಮಕ್ಳ ಡಾಕ್ಟ್ರಾ? ಈಗ್ಲೇ ಯಾಕಪ್ಪ, ಅವಸರ!”

“ಇಂಥಾದ್ರಲ್ಲಿ ಬೇಗ ಮಾಡಿದಷ್ಟೂ ಒಳ್ಳೇದಜ್ಜಿ.”

ಅಜ್ಜಿ ನಾಚಿಕೊಂಡೇ ಬಸ್ಸು ಹತ್ತಿದಳು.

ಭಾನುವಾರ ಬೆಳಿಗ್ಗೆ ಚನ್ನೇಶನ ಕಾರಿನಲ್ಲಿ ಇಂಪನಾ ಕೂತಳು. ಪಾಪ, ಮಗು ಹೆದರಬಾರದೆಂದು ಚಾಕ್ಲೇಟನ್ನೂ, ಒತ್ತಿದರೆ ಕೀ ಎನ್ನುವ ಹಳದಿ ರಬ್ಬರ್ ಬಾತುಕೋಳಿಯನ್ನೂ ತಂದಿದ್ದಳು. ಒಂದೂವರೆ ಗಂಟೆಯ ದಾರಿ, ಇಬ್ಬರೇ. ಚನ್ನೇಶ್ ರಾತ್ರಿಯೆಲ್ಲ ಉರುಹೊಡೆದಿದ್ದ ಮಾತನ್ನು ಹೆಗ್ಗೆರೆಯ ಹತ್ತಿರ ಹೇಳಬೇಕೆಂದಿದ್ದ. ಅಲ್ಲಿ ಲಾರಿ ಅಡ್ಡ ಬಂತು. ಗುಬ್ಬಿಯಲ್ಲಿ ಕಾಫಿ ಕುಡಿಯುತ್ತ ಹೇಳಬೇಕೆಂದಿದ್ದ, ಕಾಫಿ ಬಿಸಿಯಿತ್ತು. ಗುಬ್ಬಿ ದಾಟಿದರೂ ಅವನ ಧೈರ್ಯ ಗುಬ್ಬಿಯಷ್ಟೇ ಉಳಿದು, “ಈ ಸಲ ರಾಗಿ ಚೆನ್ನಾಗಿ ಬಂದಿದೆ ಅಲ್ವಾ?” ಎಂದ. ಕಿಟಕಿಯ ಹೊರಗೆ ಬರೀ ತೆಂಗಿನ ತೋಟವಿತ್ತು.

ಹಾಗಲವಾಡಿಯ ಮನೆಯ ಮುಂದೆ ಇಪ್ಪತ್ತು ಜೊತೆ ಚಪ್ಪಲಿ. ಬಾಗಿಲಿಗೆ ಮಾವಿನೆಲೆ.

“ನೋಡಿ ಪಾಪ, ಒಂದು ಮಗೂಗೋಸ್ಕರ ಊರೇ ಸೇರಿದೆ,” ಎಂದ ಚನ್ನೇಶ್ ಕನ್ನಡಕ ಒರೆಸಿಕೊಳ್ಳುತ್ತ.

ಹನುಮಕ್ಕನ ಮಗ, ಮಾನಸಾಳ ಅಪ್ಪ ಚಿಕ್ಕಹನುಮಯ್ಯ ಇಸ್ತ್ರಿಯ ಗೆರೆ ಮಾಸದ ಅಂಗಿಯಲ್ಲಿ ಓಡಿಬಂದ. “ಬರ್ಬೇಕು, ಬರ್ಬೇಕು. ಇವ್ರು... ಅಕ್ಕಾವ್ರಾ?”

“ಡಾಕ್ಟರ್ ಇಂಪನಾ,” ಎಂದು ಅವಳೇ ಕೈಮುಗಿದಳು.

“ಓಹೋ, ಅಕ್ಕಾವ್ರೂ ಡಾಕ್ಟ್ರಂತೆ ಕಣ್ರಪ್ಪೋ!” ಎಂದು ಅವನು ಒಳಗೆ ಕೂಗಿದ. ಒಳಗಿನಿಂದ ಬಳೆಗಳು ಸದ್ದು ಮಾಡಿದವು.

ಚಾಪೆಯ ನಡುವೆ ಊರ ಯಜಮಾನ ಬೆಟ್ಟಯ್ಯ ಗೋಡೆಗೆ ಒರಗಿ ಕೂತಿದ್ದ. ಚನ್ನೇಶ್ ಹೊತ್ತು ಕಳೆಯದೆ ಚೀಲದಿಂದ ದೃಷ್ಟಿ ಪರೀಕ್ಷೆಯ ಫಲಕ ತೆಗೆದು ದೇವರ ಪಟದ ಪಕ್ಕದ ಮೊಳೆಗೆ ತಗುಲಿಸಿದ. ಮೇಲಿನ ಸಾಲಿನಲ್ಲಿ ಅಂಗೈ ಅಗಲದ ಒಂದು ಅಕ್ಷರ, ಕೆಳಕೆಳಗೆ ಸಾಸಿವೆಯಂಥವು.

“ಜಾತ್ಕ ಇಷ್ಟು ದಪ್ಪ ಅಕ್ಸರದಲ್ಲಿ ಬರ್ಸವ್ರೆ ನೋಡ್ಲಾ,” ಎಂದ ಬೆಟ್ಟಯ್ಯ ಪಕ್ಕದವನಿಗೆ. “ಮುಚ್ಚುಮರೆ ಇಲ್ದ ಜನ.”

ಚನ್ನೇಶ್ ಪುಸ್ತಕ ತೆರೆದು ಪೆನ್ನು ಹಿಡಿದ. “ಮನೇಲಿ ಬೇರೆ ಯಾರಿಗಾದ್ರೂ ಹಿಂಗೇ ಆಗಿತ್ತಾ?”

“ನಮ್ ತಂಗೀದೂ ಹಿಂಗೇ ತಡ ಆಗಿತ್ತು ಸ್ವಾಮಿ,” ಎಂದ ಚಿಕ್ಕಹನುಮಯ್ಯ. “ಆಮೇಲೆ ಒಂದೇ ವಾರದಲ್ಲಿ ಎಲ್ಲಾ ಸರಿಹೋಯ್ತು.”

‘ಅತ್ತೆಗೂ ಇತ್ತು, ವಾರದಲ್ಲಿ ವಾಸಿ’ ಎಂದು ಚನ್ನೇಶ್ ಬರೆದುಕೊಂಡ. “ರಕ್ತಸಂಬಂಧದಲ್ಲಿ ಮದುವೆ ಏನಾದ್ರೂ?”

“ಅದು ಬ್ಯಾಡ ಅಂತ್ಲೇ ಅಲ್ವಾ ಹೊರಗ್ನೋರ್ಗೆ ತೋರಿಸ್ತಿರೋದು!” ಎಂದ ಬೆಟ್ಟಯ್ಯ.

“ಒಳ್ಳೇದು. ಹಿಂದೆ ನೋಡಿದವ್ರು ಏನೂ ಹೇಳ್ಲೇ ಇಲ್ವಾ?”

ಚಿಕ್ಕಹನುಮಯ್ಯ ತಲೆ ತಗ್ಗಿಸಿದ. “ತಿಪಟೂರೋರು... ಬಣ್ಣ ಒಸಿ ಕಮ್ಮಿ ಅಂದ್ರು.”

“ಬಣ್ಣ ಕೂಡ ತಿಳಿಯಲ್ಲ ಪಾಪ,” ಎಂದು ಚನ್ನೇಶ್ ಇಂಪನಾಳಿಗೆ ಪಿಸುಗುಟ್ಟಿದ. ಇಂಪನಾ ಮರುಕದಿಂದ ಬಾತುಕೋಳಿಯನ್ನು ಅಪ್ಪಿಕೊಂಡಳು. ಆಮೇಲೆ ಚನ್ನೇಶ್ ಎದ್ದುನಿಂತು, ತನ್ನ ವೃತ್ತಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತನ್ನು ಅಷ್ಟೇ ಸಹಜವಾಗಿ ಹೇಳಿದ:

“ಸರಿ. ನಂಗೊಂದು ಕತ್ತಲೆ ರೂಮು ಬೇಕು. ಹುಡುಗೀನ ಒಳಗೆ ಕಳ್ಸಿ, ಬಾಗಿಲು ಕಿಟಕಿ ಎಲ್ಲಾ ಹಾಕ್ಬಿಡಿ. ಹತ್ತು ನಿಮಿಷ ಸಾಕು.”

ಅಡುಗೆಮನೆಯಲ್ಲಿ ಉಪ್ಪಿಟ್ಟಿನ ಸೌಟು ಬಿದ್ದ ಸದ್ದಾಯಿತು. ಬೆಟ್ಟಯ್ಯ ಹೆಗಲ ಟವೆಲ್ಲು ಕೊಡವಿ ಎದ್ದ.

“ಏನಂದೆ? ಈಗ್ಲ ಕಾಲ್ದೋರು ತೋಟದ ತಾವು ನಿಂತ್ಕೊಂಡು ನಾಕು ಮಾತಾಡ್ತಾರೆ ಅಂತ ಕೇಳಿದ್ದೆ. ಕತ್ಲೆ ರೂಮಾ?”

“ಬೆಳಕಲ್ಲಿ ಸರಿಯಾಗಿ ನೋಡಕ್ಕಾಗಲ್ಲ ಯಜಮಾನ್ರೇ. ನಿಮಗೆ ಅನುಮಾನ ಇದ್ರೆ ಇವರೂ ಒಳಗಿರ್ತಾರೆ, ಟಾರ್ಚ್ ಹಿಡ್ಕೊಂಡು.”

“ಅಕ್ಕ ಟಾರ್ಚ್ ಹಿಡ್ಕತಾಳಂತೆ ಕಣ್ರೇ!” ಎಂದು ಅಡುಗೆಮನೆಯಿಂದ ಯಾರೋ ಚೀರಿದರು.

“ಆಸ್ಪತ್ರೇಲೂ ಹಿಂಗೇ ಮಾಡ್ತೀಯಾ?” ಎಂದ ಬೆಟ್ಟಯ್ಯ.

“ದಿನಾ ಇಪ್ಪತ್ತು ಜನಾನ ನೋಡ್ತೀನಿ,” ಎಂದ ಚನ್ನೇಶ್ ಹೆಮ್ಮೆಯಿಂದ. “ಗಂಡಸ್ರು, ಹೆಂಗಸ್ರು, ಭೇದ ಇಲ್ಲ.”

ಈ ಮಾತಿಗೆ ಹಾಗಲವಾಡಿಯ ಉತ್ತರ ಏನಾಗುತ್ತಿತ್ತೋ ದೇವರೇ ಬಲ್ಲ. ಸರಿಯಾಗಿ ಆ ಗಳಿಗೆಯಲ್ಲಿ ರೇಷ್ಮೆ ಸೀರೆಯುಟ್ಟ ಇಪ್ಪತ್ತನಾಲ್ಕರ ಹುಡುಗಿಯೊಬ್ಬಳು ಕಾಫಿ ತಟ್ಟೆ ಹಿಡಿದು ಹೊರಗೆ ಬಂದಳು.

“ಇವ್ಳೇ ಕಣಪ್ಪ ನಮ್ ಮಗು,” ಎಂದಳು ಹನುಮಕ್ಕ ಮೂಲೆಯಿಂದ.

ಕಾಣದ ಕಣ್ಣಿನಲ್ಲಿ ಬಿಸಿ ಕಾಫಿ ಹೊತ್ತು ಬರುತ್ತಿದ್ದಾಳೆ! ಚನ್ನೇಶ್ ಹಾರಿಹೋಗಿ ತಟ್ಟೆ ಕಸಿದುಕೊಂಡು ಬೆಟ್ಟಯ್ಯನ ಕೈಗಿತ್ತ. “ಹೆದರ್ಬೇಡಮ್ಮ. ನಾನಿಲ್ಲೇ ಎದುರಿಗೇ ಇದೀನಿ,” ಎಂದು ಅವಳ ಮುಖದ ಮುಂದೆ ಎರಡು ಬೆರಳು ಎತ್ತಿ ಹಿಡಿದ. “ಇದು ಎಷ್ಟು?”

“ಎಲ್ಡು ಎಕ್ರೆ ಕೇಳ್ತಾವ್ನೆ ಕಣ್ಲಾ!” ಎಂದಿತು ಹಿಂದಿನ ಸಾಲು.

ಮಾನಸಾ ಬೆರಳುಗಳನ್ನು ನೋಡಿದಳು. ಗೋಡೆಯ ಫಲಕ ನೋಡಿದಳು. ಇಂಪನಾಳ ಮಡಿಲಿನ ಬಾತುಕೋಳಿ ನೋಡಿದಳು. ಅವಳ ತುಟಿಯಂಚು ಅದುರತೊಡಗಿತು.

“ಎರಡು ಬೆರಳು ಸಾರ್. ಒಂದರ ಉಗುರಲ್ಲಿ ನೀಲಿ ಇಂಕಿದೆ. ಆ ಬೋರ್ಡಿನ ಕೊನೇ ಸಾಲು ‘ರ, ಗ, ದ, ನ, ಲ’. ಅದರ ಕೆಳಗೆ ಪ್ರಿಂಟ್ ಮಾಡ್ದೋರ ಫೋನ್ ನಂಬರ್ ಇದೆ, ಹೇಳ್ಲಾ? ನಾನು ಸತ್ಯಮಂಗಲದ ಫ್ಯಾಕ್ಟರೀಲಿ ಕ್ವಾಲಿಟಿ ಚೆಕಿಂಗಲ್ಲಿರೋದು. ಕಬ್ಬಿಣದಲ್ಲಿ ಕೂದಲೆಳೆ ಬಿರುಕಿದ್ರೂ ಹಿಡೀತೀನಿ.” ಅವಳು ಉಸಿರೆಳೆದುಕೊಂಡಳು. “ಈಗ ನಾನೊಂದು ಕೇಳ್ತೀನಿ. ನೀವು ಬಂದಿರೋದು ಕಣ್ಣು ನೋಡಕ್ಕೋ, ಹೆಣ್ಣು ನೋಡಕ್ಕೋ?”

ಚನ್ನೇಶ್ ಮಾವಿನೆಲೆ ನೋಡಿದ. ರೇಷ್ಮೆ ಸೀರೆ ನೋಡಿದ. ಬೆಟ್ಟಯ್ಯನ ಕೈಯಲ್ಲಿದ್ದ ಕಾಫಿ ಲೋಟಗಳನ್ನು ನೋಡಿದ. ಮೂರು ದಿನದಿಂದ ಅವನ ಕಣ್ಣಿಗೆ ಕಟ್ಟಿದ್ದ ಪೊರೆ ಒಮ್ಮೆಲೇ ಕಳಚಿಬಿತ್ತು. ಹಿಂದೆ ನೋಡದೆ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟ. ಇಂಪನಾ ಆಗಷ್ಟೇ ಅಲ್ಲಿಟ್ಟಿದ್ದ ಬಾತುಕೋಳಿ ‘ಕೀ’ ಎಂದಿತು.

“ಅಂಗಾರೆ ನೀನು ಹೆಣ್ಣು ನೋಡಾಕೆ ಬಂದಿಲ್ವಾ?” ಎಂದಳು ಹನುಮಕ್ಕ.

“ಕ್ಷಮಿಸ್ಬೇಕು ಅಜ್ಜಿ. ನಾನು... ನಾನಾಗ್ಲೇ ಒಬ್ರನ್ನ ನೋಡಿದೀನಿ.”

“ಯಾವೂರೋಳು?”

ಪಕ್ಕದಲ್ಲೇ ಇಂಪನಾ. ಈಗ ಹೇಳದಿದ್ದರೆ ಯಾವಾಗ? ಚನ್ನೇಶ್ ಬಾಯಿ ತೆರೆದ. ಬಾಯಿ ಎಂದಿನಂತೆ ಕೈಕೊಟ್ಟಿತು. “ಕು... ಕುಣಿಗಲ್.”

ಇಂಪನಾ ಚಾಕ್ಲೇಟನ್ನು ಮೆಲ್ಲಗೆ ಚೀಲಕ್ಕೆ ವಾಪಸ್ಸು ಹಾಕಿದಳು.

“ನೋಡ್ತೀನಿ ಅಂತ ಮಾತು ಕೊಟ್ಟೆ, ನೋಡ್ನಿಲ್ಲ,” ಎಂದಳು ಹನುಮಕ್ಕ. “ನಾನೂ ಕಣ್ಣು ಕೊಡಾಕಿಲ್ಲ, ಬುಡು.”

“ನೀನು ಸುಮ್ನಿರಜ್ಜಿ,” ಎಂದಳು ಮಾನಸಾ. ಹತ್ತನೇ ವರನಿಂದಲೂ ಪಾರಾದ ಖುಷಿ ಅವಳಿಗೆ. “ನಾಳೆ ರಜಾ ಹಾಕಿ ನಾನೇ ಎಳ್ಕೊಂಡು ಬರ್ತೀನಿ ಸಾರ್. ಇಷ್ಟು ನಗಿಸಿದ್ದಕ್ಕೆ ಅಷ್ಟಾದ್ರೂ ಬೇಡ್ವಾ?”

ಹಿಂದಿರುಗುವಾಗ ಕಾರಿನಲ್ಲಿ ಬಹಳ ಹೊತ್ತು ಬಾತುಕೋಳಿಯೊಂದೇ, ರಸ್ತೆಯಲ್ಲಿ ಗುಂಡಿ ಸಿಕ್ಕಾಗಲೆಲ್ಲ, ಮಾತಾಡುತ್ತಿತ್ತು.

“ಕುಣಿಗಲ್ಲಲ್ಲಿ ಎಲ್ಲಿ ಅವ್ರ ಮನೆ?” ಎಂದಳು ಇಂಪನಾ ಕೊನೆಗೆ.

“ಮನೆ... ಇನ್ನೂ ಹುಡುಕ್ತಿದಾರೆ.”

“ಏನು ಕೆಲಸ?”

“ಆಸ್ಪತ್ರೇಲಿ.”

“ಓ. ಹಾಗಿದ್ರೆ ಹೋದ್ಮೇಲೆ ಪರಿಚಯ ಮಾಡ್ಕೋತೀನಿ ಬಿಡಿ,” ಎಂದು ಅವಳು ಕಿಟಕಿಯತ್ತ ತಿರುಗಿದವಳು ಶಿರಾ ಗೇಟ್ ಬರುವತನಕ ಇತ್ತ ತಿರುಗಲಿಲ್ಲ.

ಸೋಮವಾರ ಮಾನಸಾ ಮಾತು ಉಳಿಸಿಕೊಂಡಳು. ಹನುಮಕ್ಕ ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದಳು. ಆದರೆ ಸುಮ್ಮನೆ ಅಲ್ಲ. “ಆ ಬಾತುಕೋಳಿ ಡಾಕ್ಟ್ರಮ್ಮ ಬಂದು ಕೈ ಹಿಡ್ಕಂಡ್ರೇ ಸರಿ, ಇಲ್ದಿದ್ರೆ ಓಡ್ತೀನಿ,” ಎಂದು ಕೂಗಿದ್ದಕ್ಕೆ ಇಂಪನಾಳನ್ನು ಮೂರನೇ ಮಹಡಿಯಿಂದ ಕರೆಸಬೇಕಾಯಿತು. ಅವಳು ಹಸಿರು ಗೌನು, ಮಾಸ್ಕು ತೊಟ್ಟು ಅಜ್ಜಿಯ ಕೈ ಹಿಡಿದು ನಿಂತಳು. ಮೋಹನ್‌ಕುಮಾರ್ ಅಜ್ಜಿಯ ಕಣ್ಣಿನ ಪಕ್ಕ ಮರಗಟ್ಟುವ ಇಂಜೆಕ್ಷನ್ ಕೊಟ್ಟ. ಕಣ್ಣು ಮರಗಟ್ಟಿತು; ಬಾಯಿ ಇಲ್ಲ.

“ಮಗಾ, ಆ ಕುಣಿಗಲ್ ಹುಡ್ಗಿ ಯಾರು ಅಂತ ಯೋಳು. ಅಲ್ಲೀಗಂಟ ತಲೆ ಅಲ್ಲಾಡಿಸ್ತಾನೇ ಇರ್ತೀನಿ.”

“ಅಜ್ಜಿ, ಆಪರೇಷನ್ ಟೈಮಲ್ಲಿ...”

ಹನುಮಕ್ಕ ತಲೆ ಅಲ್ಲಾಡಿಸಿದಳು. ಚನ್ನೇಶ್ ಮೋಹನ್‌ಕುಮಾರನತ್ತ ದೀನನಾಗಿ ನೋಡಿದ.

“ನಾನು ಇಂಜೆಕ್ಷನ್ ಕೊಟ್ಟಿದ್ದು ಅಜ್ಜಿಗೆ ಕಣೋ, ನಿಂಗಲ್ಲ,” ಎಂದ ಮೋಹನ್‌ಕುಮಾರ್. “ಮಾತಾಡು.”

ಮಾಸ್ಕು ಇದ್ದದ್ದು ಒಳ್ಳೆಯದಾಯಿತೋ ಏನೋ. ತನ್ನ ಬಾಯಿ ಯಾರಿಗೂ ಕಾಣದ ಧೈರ್ಯದಲ್ಲಿ ಚನ್ನೇಶ್ ಹೇಳಿಬಿಟ್ಟ:

“ಕುಣಿಗಲ್ ಹುಡುಗಿ ಇನ್ನೂ ಕುಣಿಗಲ್ಲಿಗೆ ಹೋಗೇ ಇಲ್ಲ ಅಜ್ಜಿ. ಬುಧವಾರ ಹೋಗ್ತಾರೆ. ಈಗ ನಿಮ್ಮ ಕೈ ಹಿಡ್ಕೊಂಡು ನಿಂತಿದಾರೆ.”

ಮಾಸ್ಕಿನ ಮೇಲಿದ್ದ ಎರಡು ಕಣ್ಣು ದೊಡ್ಡವಾದವು. ಆಮೇಲೆ ಕಿರಿದಾದವು. ಅದು ಸಿಟ್ಟೋ ನಗುವೋ ಎಂದು ಕಣ್ಣಿನ ಡಾಕ್ಟರಿಗೆ ತಿಳಿಯಲಿಲ್ಲ.

“ಡಾಕ್ಟ್ರೇ, ನಿಮ್ಮ ಕೈ ನಡುಗ್ತಿದೆ,” ಎಂದಳು ಇಂಪನಾ. “ಮೊದ್ಲು ಅದನ್ನ ನಿಲ್ಲಿಸಿ. ಅಜ್ಜಿ ಕಣ್ಣು ಮುಗಿಸಿ.”

ಅಷ್ಟೇ. ಚನ್ನೇಶ್ ಮೂರು ಸಲ ಉಸಿರೆಳೆದುಕೊಂಡ. ಕೈ ನಿಂತಿತು. ಹನುಮಕ್ಕನೂ ಕಲ್ಲಿನಂತೆ ಮಲಗಿದಳು. ಇಂಥ ರಸವತ್ತಾದ ಸುದ್ದಿ ಕಿವಿಗೆ ಬಿದ್ದ ಮೇಲೆ ಓಡುವವರು ಯಾರು? ಕಾಲು ಗಂಟೆಯಲ್ಲಿ ಒಂದು ಕಣ್ಣಿನ ಪೊರೆ ಹೊರಬಂತು.

ಮಂಗಳವಾರ ಬೆಳಿಗ್ಗೆ ಪಟ್ಟಿ ಬಿಚ್ಚುವ ಹೊತ್ತಿಗೆ ವಾರ್ಡಿನಲ್ಲಿ ಮಾನಸಾ, ಮೋಹನ್‌ಕುಮಾರ್, ಕೆಳಗಿನಿಂದ ವಾಸನೆ ಹಿಡಿದು ಬಂದ ಯಲ್ಲಯ್ಯ ಎಲ್ಲ ಸೇರಿದ್ದರು. ಸಾಮಾನು ಕಟ್ಟಿಕೊಂಡು ಇಂಪನಾಳೂ ಬಂದಳು. ರಾತ್ರಿಯಿಡೀ ನಿದ್ದೆಯಿಲ್ಲದ ಚನ್ನೇಶನ ಮುಂದೆ ಮಡಿಚಿ ಮಡಿಚಿ ಸವೆದ ಒಂದು ಔಷಧಿ ಚೀಟಿ ಹಿಡಿದಳು.

“ನೀವು ಬರ್ಕೊಟ್ಟಿದ್ದು. ಎಷ್ಟೋ ತಿಂಗಳಿಂದ ಪರ್ಸಲ್ಲೇ ಇದೆ. ನೀವು ಕೊಟ್ಟಿದ್ದು ಅಂತ ಬಿಸಾಕೋಕೆ ಮನಸ್ಸಾಗ್ಲಿಲ್ಲ. ನಿನ್ನೆ ರಾತ್ರಿ ಅನುಮಾನ ಬಂತು, ಇದು ಡ್ರಾಪ್ಸ್ ಅಲ್ಲ ಅಂತ. ಏನು ಬರೆದಿದೆ, ಓದಿ.”

ಚನ್ನೇಶ್ ಓದಲು ಹೋದ. ಕನ್ನಡಕ ಹುಡುಕಿದ; ಅದು ಹಣೆಯ ಮೇಲಿತ್ತು. ಇಳಿಸಿಕೊಂಡು ಮತ್ತೆ ನೋಡಿದ. ಚೀಟಿಯನ್ನು ತಲೆಕೆಳಗು ಮಾಡಿದ.

“ನಂಗೂ ಗೊತ್ತಾಗ್ತಿಲ್ಲ,” ಎಂದ.

“ಡ್ರಾಪ್ಸೇ ಮೇಡಂ, ನಾನು ಗ್ಯಾರಂಟಿ ಕೊಡ್ತೀನಿ,” ಎಂದ ಯಲ್ಲಯ್ಯ.

“ಇಲ್ಲಿ ಕೊಡಿ,” ಎಂದು ಮಾನಸಾ ಚೀಟಿ ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಕಬ್ಬಿಣದಲ್ಲಿ ಕೂದಲೆಳೆ ಬಿರುಕು ಹಿಡಿಯುವ ಕಣ್ಣದು. “‘ಇಂಪನಾ, ನಿಮ್ಮನ್ನು ನೋಡದ ದಿ... ದಿವಸ ನನಗೆ ಕಣ್ಣೇ ಕಾಣುವುದಿಲ್ಲ. ಇಂತಿ, ಚನ್ನೇಶ್.’ ಕೆಳಗೆ ಡಾಕ್ಟರ್ ರಿಜಿಸ್ಟ್ರೇಷನ್ ನಂಬರ್ ಹಾಕಿದಾರೆ.”

ಇಂಪನಾ ಕೈಯಲ್ಲಿದ್ದ ಚೀಲ ಕೆಳಗಿಟ್ಟಳು. ಒಳಗೆಲ್ಲೋ ಬಾತುಕೋಳಿ ‘ಕೀ’ ಎಂದಿತು.

“ಕುಣಿಗಲ್ಲಿಗೆ ದಿನಾ ಎಷ್ಟೊಂದು ಬಸ್ಸಿದೆ ಚನ್ನೇಶ್,” ಎಂದಳು. “ನೋಡದ ದಿವಸ ಯಾಕಿರ್ಬೇಕು?”

“ಬಿಚ್ಚಪ್ಪ ನಂದು!” ಎಂದು ಹನುಮಕ್ಕ ಮಂಚದ ಮೇಲಿಂದ ಗುಡುಗಿದಳು. “ಎಲ್ಲಾ ನೀವ್ ನೀವೇ ನೋಡ್ಕಂತಾ ಇದೀರಲ್ಲ!”

ಚನ್ನೇಶ್ ಪಟ್ಟಿ ಬಿಚ್ಚಿದ. ಅಜ್ಜಿ ರೆಪ್ಪೆ ಬಡಿದಳು. ಮೊಮ್ಮಗಳನ್ನು ನೋಡಿ, “ಬಣ್ಣ ಕಮ್ಮಿ ಅಂದೋನಿಗೆ ಪೊರೆ ಇರ್ಬೇಕು,” ಎಂದಳು. ಚನ್ನೇಶನನ್ನು ನೋಡಿ, “ನೀನು ಇಷ್ಟು ಸಣ್ಣಗಿದ್ದೀಯಾ? ದಪ್ಪ ಅಂದ್ಕಂಡಿದ್ದೆ,” ಎಂದಳು. ಆಮೇಲೆ ಇಂಪನಾಳತ್ತ ಕೈಚಾಚಿದಳು.

“ಇತ್ತ ಬಾರವ್ವ. ಬೆಳಕಿಗೆ ಬಾ. ಹುಡ್ಗಿ ನೋಡೋ ಮಾತು ಹಂಗೇ ನಿಂತೈತೆ. ಇವ್ನಿಗೆ ನೋಡಾಕೆ ಬರಾಕಿಲ್ಲ. ನಾನೇ ನೋಡ್ತೀನಿ.”

ಇಂಪನಾ ಮಂಚದ ಅಂಚಿನಲ್ಲಿ ಕೂತು ತಲೆ ತಗ್ಗಿಸಿದಳು. ಹನುಮಕ್ಕ ಅವಳ ಗಲ್ಲ ಹಿಡಿದೆತ್ತಿ, ಒಂದು ದಿನದ ಹಸುಗೂಸಿನಂಥ ಹೊಸ ಕಣ್ಣಿನಿಂದ ಹಣೆ, ಮೂಗು, ನಗು ತಡೆಯಲಾರದ ತುಟಿ, ಎಲ್ಲವನ್ನೂ ಅವಸರವಿಲ್ಲದೆ ನೋಡಿದಳು.

“ನೋಡ್ದಂಗಾಯ್ತು. ಒಪ್ಪಿಗೆ,” ಎಂದಳು ಅಜ್ಜಿ. “ಕಾಫಿ ಎಲ್ಲೈತಪ್ಪ?”